ಗಿರಾಕಿ ಕೊಟ್ಟ ಹಣದಿಂದ ಖಾತೆ ಸ್ಥಗಿತ: ಇಳಕಲ್‌ನ ಸೀರೆ ವ್ಯಾಪಾರಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ. ನೇಕಾರರಿಂದ ಮಾಲು ತೆಗೆದುಕೊಂಡು, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ತೋರಿಸಿ, ಮಹಾರಾಷ್ಟ್ರ ಮತ್ತು ತೆಲಂಗಾಣದ ಗಿರಾಕಿಗಳಿಗೂ ಕಳುಹಿಸುತ್ತೇವೆ. ಎರಡು ತಿಂಗಳ ಹಿಂದೆ ಹೊಸ ಗಿರಾಕಿಯೊಬ್ಬರು 27,500 ರೂಪಾಯಿಯ ಸೀರೆಗಳನ್ನು ಆರಿಸಿ, ನಮ್ಮ ಚಾಲ್ತಿ ಖಾತೆಗೆ 40,000 ರೂಪಾಯಿ ಹಾಕಿದರು. ಹೆಚ್ಚಾಗಿ ಬಂದ 12,500 ರೂಪಾಯಿಯನ್ನು ತಮ್ಮನ ನಂಬರಿಗೆ ಹಾಕಿರೆಂದರು, ಹಾಕಿದೆ. ಸೀರೆಗಳನ್ನೂ ಕೊರಿಯರ್ ಮಾಡಿದೆ. ಈಗ ಹೊರ ರಾಜ್ಯದ ಸೈಬರ್ ಪೊಲೀಸರ ಸೂಚನೆ ಬಂದಿದೆಯೆಂದು ಬ್ಯಾಂಕಿನವರು ಇಡೀ ಖಾತೆಯನ್ನೇ ಬಂದ್ ಮಾಡಿದ್ದಾರೆ. ಅದರಲ್ಲಿ 3.60 ಲಕ್ಷ ರೂಪಾಯಿ ಇದೆ, ನೇಕಾರರ ಕೂಲಿ ನಿಂತಿದೆ. 15,000 ರೂಪಾಯಿ ಕೊಟ್ಟರೆ ಖಾತೆ ತೆರೆಸಿಕೊಡುತ್ತೇನೆಂದು ಒಬ್ಬರು ಫೋನ್ ಮಾಡುತ್ತಿದ್ದಾರೆ. ಇದನ್ನೆಲ್ಲ ಮನೆಯಲ್ಲಿ ಮಾತನಾಡುವಾಗ, ವಿಜಯಪುರದಲ್ಲಿ ಕಾಲೇಜು ಓದುತ್ತಿರುವ ನನ್ನ ಅಕ್ಕನ ಮಗ, ತಾನೂ ಗೆಳೆಯನೊಬ್ಬನ ಮಾತು ಕೇಳಿ ತಿಂಗಳಿಗೆ 5,000 ರೂಪಾಯಿಗೆ ತನ್ನ ಪಾಸ್‌ಬುಕ್, ಎಟಿಎಂ ಕಾರ್ಡ್ ಮತ್ತು ಸಿಮ್ ಕೊಟ್ಟಿರುವುದಾಗಿ ಹೇಳಿದ. ನಾವು ಏನು ಮಾಡಬೇಕು?

ಉತ್ತರ: ತಾವು ಕೇಳಿರುವುದು ಒಂದೇ ಪ್ರಶ್ನೆಯಂತೆ ಕಂಡರೂ ಅದರಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ, ಮತ್ತು ಮೂರರ ತೂಕವೂ ಒಂದೇ ಅಲ್ಲ. ಸೀರೆಯ ಬೆಲೆಯಾಗಿ ಬಂದ 27,500 ರೂಪಾಯಿಯನ್ನು ಬಿಲ್ಲು, ರಸೀದಿಗಳಿಂದ ಸಮರ್ಥಿಸಿಕೊಳ್ಳುವುದು ಕಷ್ಟವಲ್ಲ. ಬೇರೊಂದು ನಂಬರಿಗೆ ಹಾಕಿದ 12,500 ರೂಪಾಯಿಯೇ ತಮ್ಮನ್ನು ನಿಜವಾಗಿ ಇಕ್ಕಟ್ಟಿಗೆ ಸಿಲುಕಿಸಿದೆ. ತಮ್ಮ ಅಕ್ಕನ ಮಗನ ವಿಷಯವಂತೂ ಇವೆರಡಕ್ಕಿಂತ ಗಂಭೀರವಾದದ್ದು ಮತ್ತು ಒಂದು ದಿನವೂ ತಡ ಮಾಡಬಾರದಂಥದ್ದು. ಆದ್ದರಿಂದ ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ಅವನಿಗೆ ಫೋನ್ ಮಾಡಿ, ಮೊಬೈಲಿನಿಂದ ಯಾವ ಸಂದೇಶವನ್ನೂ ಅಳಿಸಬಾರದೆಂದು ಹೇಳಿಬಿಡಿ.

ಖಾತೆ ಏಕೆ ನಿಂತಿತು ಎಂಬುದು ತಿಳಿದರೆ ಯಾರಿಗೆ ಏನು ಬರೆಯಬೇಕೆಂಬುದೂ ತಿಳಿಯುತ್ತದೆ. ಎಲ್ಲೋ ಒಬ್ಬರು ಹಣ ಕಳೆದುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದಾರೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿದ್ದಾರೆ. ಕೇಂದ್ರ ಗೃಹ ಸಚಿವಾಲಯದ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರವು 2021ರಿಂದ ನಡೆಸುತ್ತಿರುವ ವ್ಯವಸ್ಥೆಯಲ್ಲಿ ಆ ದೂರು ಮೊದಲು ಅವರ ಬ್ಯಾಂಕಿಗೆ ಹೋಗುತ್ತದೆ. ಹಣ ಆ ಬ್ಯಾಂಕನ್ನು ದಾಟಿದ್ದರೆ, ಅದು ಸೇರಿದ ಮುಂದಿನ ಬ್ಯಾಂಕಿಗೆ, ಅಲ್ಲಿಂದಲೂ ದಾಟಿದ್ದರೆ ಅದರ ಮುಂದಿನ ಬ್ಯಾಂಕಿಗೆ, ಹೀಗೆ ಹಣದ ಹಿಂದೆಯೇ ಸೂಚನೆಯೂ ಸಾಗುತ್ತದೆ, ಮತ್ತು ದಾರಿಯಲ್ಲಿ ಎಲ್ಲಿ ಹಣ ಸಿಕ್ಕರೂ ಅಲ್ಲಿ ತಡೆಹಿಡಿಯಲಾಗುತ್ತದೆ. ಈ ಹಂತದಲ್ಲಿ ಯಾರೂ ತಮ್ಮನ್ನು ಕಳ್ಳರೆಂದು ತೀರ್ಮಾನಿಸಿರುವುದಿಲ್ಲ. ಖಾತೆಯ ಸಂಖ್ಯೆ ಹಣದ ದಾರಿಯಲ್ಲಿ ಬಂದಿದೆ, ಅಷ್ಟೇ. ಆದರೆ ತಾವು ವ್ಯಾಪಾರಿ, ಮಧ್ಯದಲ್ಲಿ ಹಣ ದಾಟಿಸಿದ ದಲ್ಲಾಳಿಯಲ್ಲ ಎಂಬುದು ಆ ವ್ಯವಸ್ಥೆಗೆ ತಾನಾಗಿ ಗೊತ್ತಾಗುವುದೂ ಇಲ್ಲ, ಅದನ್ನು ತಾವೇ ತೋರಿಸಬೇಕಾಗುತ್ತದೆ.

ಮೊದಲು ತಡೆ, ಆಮೇಲೆ ವಿಚಾರಣೆ ಎಂಬ ಈ ಕ್ರಮಕ್ಕೆ ಕಾರಣವಿದೆ. ಸರ್ಕಾರ ಸಂಸತ್ತಿಗೆ ಕೊಟ್ಟ ಮಾಹಿತಿಯ ಪ್ರಕಾರ ಸೈಬರ್ ವಂಚನೆಯಲ್ಲಿ ಜನ ಕಳೆದುಕೊಂಡ ಮೊತ್ತ 2023ರಲ್ಲಿ ಸುಮಾರು 7,465 ಕೋಟಿ ರೂಪಾಯಿ ಇದ್ದದ್ದು 2024ರಲ್ಲಿ ಸುಮಾರು 22,845 ಕೋಟಿ ರೂಪಾಯಿಗೆ ಏರಿತು. ಕದ್ದ ಹಣವನ್ನು ನಿಮಿಷಗಳಲ್ಲಿ ಹತ್ತಾರು ಖಾತೆಗಳಿಗೆ ಹಂಚಿ ಎಟಿಎಂನಿಂದ ತೆಗೆದುಬಿಡುವುದರಿಂದ, ಖಾತೆದಾರರನ್ನು ಕೇಳಿ ಆಮೇಲೆ ತಡೆಯುತ್ತೇವೆಂದರೆ ಏನೂ ಉಳಿಯುವುದಿಲ್ಲ. ಇದನ್ನು ಒಪ್ಪಿಕೊಂಡ ಮೇಲೂ, 40,000 ರೂಪಾಯಿಯ ವಿವಾದಕ್ಕೆ 3.60 ಲಕ್ಷ ರೂಪಾಯಿಯನ್ನು ಕಟ್ಟಿಹಾಕುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಕೇರಳ ಹೈಕೋರ್ಟ್ 2023ರಲ್ಲಿ, ಪೊಲೀಸರ ಸೂಚನೆಯಲ್ಲಿ ನಮೂದಾಗಿರುವ ಮೊತ್ತಕ್ಕೆ ಮಾತ್ರ ಬ್ಯಾಂಕುಗಳು ನಿರ್ಬಂಧವನ್ನು ಸೀಮಿತಗೊಳಿಸಬೇಕೆಂದು ಹೇಳಿತು. ಬೇರೆ ರಾಜ್ಯದ ಹೈಕೋರ್ಟಿನ ತೀರ್ಪು ನಮ್ಮಲ್ಲಿ ಕಡ್ಡಾಯವಾಗಿ ಬಂಧಿಸುವಂಥದ್ದಲ್ಲದಿದ್ದರೂ, ಬ್ಯಾಂಕಿಗೆ ಕೊಡುವ ಅರ್ಜಿಯಲ್ಲಿ ಅದನ್ನು ಉಲ್ಲೇಖಿಸುವುದರಿಂದ ಪ್ರಯೋಜನವಿದೆ.

ಹಾಗಾದರೆ ಮೊದಲ ಕೆಲಸ ಬ್ಯಾಂಕಿನ ಶಾಖೆಯಲ್ಲಿ. ಮ್ಯಾನೇಜರರೊಡನೆ ಬಾಯಿಮಾತಿನಲ್ಲಿ ಕೇಳಿ ಬರುವುದು ಸಾಲದು, ಲಿಖಿತ ಅರ್ಜಿ ಕೊಟ್ಟು ಅದರ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ದೂರಿನ ಸ್ವೀಕೃತಿ ಸಂಖ್ಯೆ, ಸೂಚನೆ ಕಳುಹಿಸಿದ ಠಾಣೆ ಮತ್ತು ರಾಜ್ಯ, ತನಿಖಾಧಿಕಾರಿಯ ಇಮೇಲ್ ವಿಳಾಸ, ವಿವಾದಿತ ಮೊತ್ತ, ಮತ್ತು ಯಾವ ದಿನದ ಯಾವ ಯುಟಿಆರ್ ಸಂಖ್ಯೆಯ (ಪ್ರತಿ ಹಣ ವರ್ಗಾವಣೆಗೂ ಇರುವ ಗುರುತಿನ ಸಂಖ್ಯೆ) ಜಮೆಯ ಮೇಲೆ ಆಕ್ಷೇಪಣೆ ಬಂದಿದೆ ಎಂಬ ವಿವರಗಳನ್ನು ಅರ್ಜಿಯಲ್ಲಿ ಕೇಳಬೇಕು. ಸೂಚನೆ ನಿರ್ದಿಷ್ಟ ಮೊತ್ತದ ಮೇಲಷ್ಟೇ ಬಂದಿದ್ದು ಬ್ಯಾಂಕು ತಾನಾಗಿ ಇಡೀ ಖಾತೆಯನ್ನು ನಿಲ್ಲಿಸಿದ್ದರೆ, ಆ ಮೊತ್ತವನ್ನು ಮಾತ್ರ ಲೀನ್‌ನಲ್ಲಿಟ್ಟು (ತೆಗೆಯಲಾಗದಂತೆ ತಡೆಹಿಡಿದು) ಉಳಿದದ್ದನ್ನು ಬಿಡುಗಡೆ ಮಾಡುವಂತೆ ಅದೇ ಅರ್ಜಿಯಲ್ಲಿ ಕೋರಿ. ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ವ್ಯಾಪಾರಸ್ಥರು ಸಹಕಾರಿ ಬ್ಯಾಂಕುಗಳಲ್ಲಿಯೂ ಖಾತೆ ಇಟ್ಟಿರುವುದು ಹೆಚ್ಚು. ಅಂಥ ಕೆಲವು ಸಣ್ಣ ಬ್ಯಾಂಕುಗಳ ಯುಪಿಐ ವ್ಯವಹಾರ ಮತ್ತೊಂದು ದೊಡ್ಡ ಬ್ಯಾಂಕಿನ ಮೂಲಕ ಸಾಗುವುದರಿಂದ, ಶಾಖೆಯವರ ಬಳಿ ಪೂರ್ಣ ವಿವರ ಇಲ್ಲದಿರುವ ಸಾಧ್ಯತೆಯಿದೆ. ಆಗ ಅರ್ಜಿಯನ್ನು ಅವರ ಪ್ರಧಾನ ಕಚೇರಿಯಲ್ಲಿ ಇಂಥ ವಿಷಯಗಳ ಹೊಣೆ ಹೊತ್ತ ನೋಡಲ್ ಅಧಿಕಾರಿಗೂ ಕಳುಹಿಸಬೇಕು.

ಎರಡನೆಯದು ಕಾಗದಪತ್ರ. ತಮ್ಮ ಸ್ಟೇಟ್‌ಮೆಂಟ್ ತೆಗೆದು ಒಂದು ವಿಷಯವನ್ನು ಎಚ್ಚರಿಕೆಯಿಂದ ನೋಡಿ: ಆ 40,000 ರೂಪಾಯಿ ಹಾಕಿದವರ ಹೆಸರು ಮತ್ತು ಸೀರೆ ಆರಿಸಿದ ಗಿರಾಕಿಯ ಹೆಸರು ಒಂದೇ ಆಗಿದೆಯೇ? ಬೇರೆಯಾಗಿದ್ದರೆ ನಡೆದಿರುವುದು ಬಹುಶಃ ಹೀಗೆ. ವಂಚಕ ತಮ್ಮಿಂದ ಖಾತೆಯ ವಿವರವನ್ನೋ ಕ್ಯೂಆರ್ ಕೋಡನ್ನೋ ಪಡೆದು, ಅದನ್ನೇ ತಾನು ಮೋಸಗೊಳಿಸುತ್ತಿದ್ದ ಇನ್ನೊಬ್ಬರಿಗೆ ಕಳುಹಿಸಿ, ಅವರಿಂದ ನೇರವಾಗಿ ತಮ್ಮ ಖಾತೆಗೆ ಹಣ ಹಾಕಿಸಿದ್ದಾನೆ. ಹಣ ಕಳೆದುಕೊಂಡವರ ಕಣ್ಣಿಗೆ ತಾವೇ ವಂಚಕರಾಗಿ ಕಾಣುತ್ತೀರಿ, ಅವನ ಹೆಸರು ಎಲ್ಲಿಯೂ ಇರುವುದಿಲ್ಲ. ಅವನಿಗೆ ಸಿಕ್ಕಿದ್ದು ಎಲ್ಲಿ ಬೇಕಾದರೂ ಮಾರಬಹುದಾದ ಸೀರೆಗಳು ಮತ್ತು 12,500 ರೂಪಾಯಿ ನಗದು. ಹಣ ಹಾಕಿದವರ ಹೆಸರು ಗಿರಾಕಿಯದ್ದೇ ಆಗಿದ್ದರೂ ನಿಶ್ಚಿಂತೆಯಿಂದ ಇರುವಂತಿಲ್ಲ, ಏಕೆಂದರೆ ಅದು ಬಾಡಿಗೆಗೆ ಪಡೆದ ಖಾತೆಯೂ ಆಗಿರಬಹುದು.

ಆದ್ದರಿಂದ ಬಿಲ್, ಕೊರಿಯರ್ ರಸೀದಿ, ಮಾಲು ತಲುಪಿದ್ದಕ್ಕೆ ಕೊರಿಯರ್ ಕಂಪನಿಯ ದಾಖಲೆ, ಮತ್ತು ಮುಖ್ಯವಾಗಿ ಮಾಲು ಪಡೆದವರ ವಿಳಾಸ ಹಾಗೂ ಮೊಬೈಲ್ ಸಂಖ್ಯೆಯನ್ನು ಒಟ್ಟುಗೂಡಿಸಿ. ಕೊರಿಯರ್ ಕಂಪನಿಗಳು ತಲುಪಿಸಿದ ದಾಖಲೆಯನ್ನು ಬಹಳ ಕಾಲ ಇಟ್ಟುಕೊಳ್ಳುತ್ತವೆಂದು ನಂಬಿ ಕೂರಬೇಡಿ, ಈ ವಾರವೇ ಕೇಳಿ ಪಡೆಯಿರಿ. ಪರದೆಯ ಹಿಂದೆ ಇರುವ ವಂಚಕ ಭೌತಿಕವಾಗಿ ಒಂದು ಬಾಗಿಲಲ್ಲಿ ನಿಂತು ಪಾರ್ಸೆಲ್ ತೆಗೆದುಕೊಂಡ, ಅಥವಾ ಯಾರನ್ನೋ ನಿಲ್ಲಿಸಿ ತೆಗೆದುಕೊಳ್ಳುವಂತೆ ಮಾಡಿದ ಎಂಬುದು ತನಿಖಾಧಿಕಾರಿಗೆ ಅಪರೂಪವಾಗಿ ಸಿಗುವ ಸುಳಿವು. ಅದು ತಮ್ಮ ಕೈಯಲ್ಲಿದೆ, ಮತ್ತು ಅದನ್ನು ತಾವಾಗಿಯೇ ಕೊಡುವುದರಿಂದ ತಮ್ಮ ಮೇಲಿನ ಅನುಮಾನವೂ ಬಹಳಮಟ್ಟಿಗೆ ಕಡಿಮೆಯಾಗುತ್ತದೆ. ಗಿರಾಕಿಯೊಡನೆ ನಡೆದ ವಾಟ್ಸ್‌ಆ್ಯಪ್ ಮಾತುಕತೆಯ ಸ್ಕ್ರೀನ್‌ಶಾಟ್ ಮಾತ್ರ ಇಟ್ಟುಕೊಳ್ಳದೆ, ಇಡೀ ಚಾಟ್ ಅನ್ನು ಎಕ್ಸ್‌ಪೋರ್ಟ್ ಮಾಡಿ ಉಳಿಸಿ. ಆ ಫೋನನ್ನು ಬದಲಾಯಿಸಬೇಡಿ, ಮಾರಬೇಡಿ. ನ್ಯಾಯಾಲಯದಲ್ಲಿ ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಮತ್ತು ಮೂಲ ಸಾಧನ ಕೈಯಲ್ಲಿದ್ದರೆ ಆ ಕೆಲಸ ಸುಲಭ. ಆ ಸೀರೆಗಳನ್ನು ನೇಕಾರರಿಂದ ಖರೀದಿಸಿದ್ದಕ್ಕೆ ತಮ್ಮ ಖಾತೆಪುಸ್ತಕದಲ್ಲಿ ನಮೂದು ಇದ್ದರೆ ಅದರ ಪ್ರತಿಯನ್ನೂ ಸೇರಿಸಿ.

ಇನ್ನು ಆ 12,500 ರೂಪಾಯಿ. ಹೆಚ್ಚಾಗಿ ಬಂದ ಹಣವನ್ನು ಹಿಂದಿರುಗಿಸುವುದು ಪ್ರಾಮಾಣಿಕ ವ್ಯಾಪಾರಿಯ ಲಕ್ಷಣವೆಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ, ಮತ್ತು ವಂಚಕರು ನೆಚ್ಚಿಕೊಂಡಿರುವುದು ಆ ಗುಣವನ್ನೇ. ಆದರೆ ಸ್ಟೇಟ್‌ಮೆಂಟ್ ಓದುವ ಅಧಿಕಾರಿಗೆ ಅಲ್ಲಿ ಕಾಣುವುದು ಬೇರೆ: ಒಂದು ಖಾತೆಯಿಂದ ವಿವಾದಿತ ಹಣ ಬಂದಿದೆ, ಕೆಲವೇ ಹೊತ್ತಿನಲ್ಲಿ ಅದರ ಒಂದು ಭಾಗ ಸಂಬಂಧವಿಲ್ಲದ ಮತ್ತೊಂದು ಖಾತೆಗೆ ಹೋಗಿದೆ. ಹಣ ಸಾಗಿಸುವ ಬಾಡಿಗೆ ಖಾತೆಯ ನಡವಳಿಕೆಯೂ ಹೀಗೆಯೇ ಇರುತ್ತದೆ. ಈ ಅಂಶವನ್ನು ಮುಚ್ಚಿಟ್ಟು ಸೀರೆಯ ಮಾತನ್ನಷ್ಟೇ ಬರೆಯೋಣವೆಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಸ್ಟೇಟ್‌ಮೆಂಟ್ ಈಗಾಗಲೇ ಅವರ ಮುಂದಿದೆ. ತಾವೇ ಮೊದಲು ಹೇಳಿ, ಮರಳಿಸುವಂತೆ ಕೇಳಿದ ಸಂದೇಶ, ಹಣ ಹಾಕಿದ ನಂಬರು, ಸಮಯ ಮತ್ತು ಯುಟಿಆರ್ ಸಂಖ್ಯೆಯನ್ನು ಕೊಟ್ಟರೆ, ಅದು ತಮ್ಮ ಸದುದ್ದೇಶಕ್ಕೆ ಪುರಾವೆಯಾಗುತ್ತದೆ. ಮುಂದೆ ಇಂಥ ಸಂದರ್ಭ ಬಂದರೆ ಹಣ ಯಾವ ಖಾತೆಯಿಂದ ಬಂದಿತೋ ಅದೇ ಖಾತೆಗೆ ಮಾತ್ರ ಮರಳಿಸಬೇಕು, ಅದನ್ನೂ ಬ್ಯಾಂಕಿಗೆ ಬರೆದುಕೊಟ್ಟು ಅವರ ಮೂಲಕವೇ ಮಾಡುವುದು ಉತ್ತಮ. ತಮ್ಮನ ನಂಬರು, ಮ್ಯಾನೇಜರನ ನಂಬರು, ಹೊಸ ನಂಬರು ಎಂಬ ಮಾತು ಬಂದಲ್ಲಿ ವ್ಯವಹಾರ ನಿಲ್ಲಿಸಿ.

ಈ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಎರಡು ಪುಟ ಮೀರದ ಹೇಳಿಕೆಯಾಗಿ ಬರೆದು, ದಾಖಲೆಗಳನ್ನು ಲಗತ್ತಿಸಿ, ತನಿಖಾಧಿಕಾರಿಗೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳುಹಿಸಿ. ಅಧಿಕಾರಿ ಕನ್ನಡ ಓದಲಾರರಾದ್ದರಿಂದ ಹೇಳಿಕೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಲಿ. ಅವರ ಕಡೆಯಿಂದ ನೋಟಿಸ್ ಬಂದರೆ ಅದು ಯಾವ ಕಲಮಿನಡಿ ಬಂದಿದೆ ಎಂಬುದನ್ನು ನೋಡಬೇಕು. ತನಿಖೆ ಮತ್ತು ವಿಚಾರಣೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನ ನೋಟಿಸ್ ದಾಖಲೆ ಒದಗಿಸಲು, 179ನೇ ಕಲಮಿನದು ಸಾಕ್ಷಿಯಾಗಿ ಮಾಹಿತಿ ಕೊಡಲು. 35(3)ರ ನೋಟಿಸ್ ಬಂದರೆ ಮಾತ್ರ ತಮ್ಮ ಮೇಲೆಯೇ ಅನುಮಾನವಿದೆ ಎಂದರ್ಥ, ಅದಕ್ಕೆ ವಕೀಲರಿಲ್ಲದೆ ಉತ್ತರಿಸಬೇಡಿ, ಉತ್ತರಿಸದೆಯೂ ಇರಬೇಡಿ. 35ನೇ ಕಲಮಿನ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಜಾರಿ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಖಾತೆ ನಿಂತಿರುವವರನ್ನು ಹೆದರಿಸಲು ನಕಲಿ ನೋಟಿಸ್‌ಗಳು ಹರಿದಾಡುವುದರಿಂದ, ಬಂದ ಕಾಗದದ ಮೇಲಿರುವ ನಂಬರಿಗೆ ಕರೆ ಮಾಡದೆ, ಆ ರಾಜ್ಯದ ಪೊಲೀಸ್ ಇಲಾಖೆಯ ಅಧಿಕೃತ ಜಾಲತಾಣದಿಂದ ಠಾಣೆಯ ನಂಬರು ತೆಗೆದು ಖಚಿತಪಡಿಸಿಕೊಳ್ಳಿ. ವಿಡಿಯೊ ಕರೆಯಲ್ಲಿ ವಿಚಾರಣೆ ನಡೆಸಿ ಹಣ ಕಟ್ಟಿಸಿಕೊಳ್ಳುವ ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲಿ ಎಲ್ಲಿಯೂ ಇಲ್ಲ.

ಬಾಗಲಕೋಟೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಗೆ ಹೋದರೆ ಖಾತೆ ತೆರೆಯುತ್ತದೆಯೇ ಎಂದು ಹಲವರು ಕೇಳುತ್ತಾರೆ. ಹೊರ ರಾಜ್ಯದ ಪೊಲೀಸರ ಸೂಚನೆಯನ್ನು ಇಲ್ಲಿಯವರು ತೆರವುಗೊಳಿಸಲಾರರು. ಆದರೂ ಹೋಗಬೇಕು. ತಮ್ಮನ್ನು ಬಳಸಿಕೊಂಡು ಮಾಲು ಮತ್ತು ಹಣ ಪಡೆದವನ ವಿರುದ್ಧ ತಾವೂ ಒಬ್ಬ ದೂರುದಾರರೇ. ಆ ದೂರಿನ ಪ್ರತಿಯನ್ನು ಹೊರ ರಾಜ್ಯದ ಅಧಿಕಾರಿಗೆ ಕಳುಹಿಸುವ ಕಡತಕ್ಕೆ ಸೇರಿಸಿದರೆ ತಮ್ಮ ಹೇಳಿಕೆಗೆ ತೂಕ ಬರುತ್ತದೆ.

15,000 ರೂಪಾಯಿ ಕೇಳುತ್ತಿರುವವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತಮ್ಮ ಖಾತೆ ನಿಂತಿರುವ ವಿಷಯ ಅವರಿಗೆ ಹೇಗೆ ತಿಳಿಯಿತು ಎಂಬುದನ್ನು ಯೋಚಿಸಿ. ಆ ವಂಚಕನ ಗುಂಪಿನವರೇ ಇರಬಹುದು, ಅಥವಾ ಮಾಹಿತಿ ಸೋರಿಕೆಯಿಂದ ಬದುಕುವ ದಲ್ಲಾಳಿಗಳಿರಬಹುದು. ಹಣ ಕೊಟ್ಟರೂ ಸೂಚನೆ ತೆರವಾಗುವುದಿಲ್ಲ, ಅಧಿಕಾರಿಯ ಹೆಸರಿನಲ್ಲಿ ಕೊಟ್ಟರೆ ಲಂಚದ ಪ್ರಕರಣವೂ ಮೈಮೇಲೆ ಬರುತ್ತದೆ. ಖಾತೆ ತೆರೆಸಲೆಂದು ಅವರು ಕಳುಹಿಸುವ ಆ್ಯಪನ್ನಂತೂ ಫೋನಿನಲ್ಲಿ ಹಾಕಿಕೊಳ್ಳಲೇಬೇಡಿ. ಹಾಗೆ ಬರುವ ಆ್ಯಪಿನ ಕಡತ, ಅಂದರೆ ಎಪಿಕೆ, ಎಸ್‌ಎಂಎಸ್ ಓದುವ ಅನುಮತಿ ಪಡೆದರೆ ಸಾಕು, ತಮ್ಮ ಇತರ ಖಾತೆಗಳ ಒಟಿಪಿ ಅವರ ಕೈಗೆ ಹೋಗುತ್ತದೆ. ಕರೆ ಬಂದ ನಂಬರನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಅನುಮಾನಾಸ್ಪದ ಕರೆಗಳಿಗಾಗಿರುವ ಚಕ್ಷು ವಿಭಾಗದಲ್ಲಿ ವರದಿ ಮಾಡಿ, ಠಾಣೆಯ ದೂರಿನಲ್ಲಿಯೂ ಬರೆಯಿರಿ.

ತನಿಖಾಧಿಕಾರಿಯಿಂದ ಎರಡು ಮೂರು ವಾರಗಳಲ್ಲಿ ಉತ್ತರ ಬಾರದಿದ್ದರೆ, ರಾಷ್ಟ್ರೀಯ ಪೋರ್ಟಲ್‌ನಲ್ಲಿ ಪ್ರತಿ ರಾಜ್ಯದ ನೋಡಲ್ ಅಧಿಕಾರಿ ಮತ್ತು ಕುಂದುಕೊರತೆ ಅಧಿಕಾರಿಯ ಪಟ್ಟಿ ಇದೆ, ಆ ರಾಜ್ಯದವರಿಗೆ ಅದೇ ಕಡತವನ್ನು ಕಳುಹಿಸಬೇಕು. ಆಮೇಲಿನ ದಾರಿ ನ್ಯಾಯಾಲಯದ್ದು. ಪೊಲೀಸರು ಆಸ್ತಿಯನ್ನು ಜಪ್ತಿ ಮಾಡುವ ಅಧಿಕಾರ ಸುರಕ್ಷಾ ಸಂಹಿತೆಯ 106ನೇ ಕಲಮಿನಲ್ಲಿದ್ದು, ಜಪ್ತಿಯನ್ನು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕೆಂದು ಅದೇ ಕಲಮು ಹೇಳುತ್ತದೆ. ವರದಿ ಆಗಿದೆಯೇ ಎಂಬುದೇ ಅನೇಕ ಪ್ರಕರಣಗಳಲ್ಲಿ ವಕೀಲರು ಎತ್ತುವ ಮೊದಲ ಪ್ರಶ್ನೆ. ಹಣದ ಬಿಡುಗಡೆಗೆ 503ನೇ ಕಲಮಿನಡಿ ಆ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು, ಆದರೆ 40,000 ರೂಪಾಯಿಗಾಗಿ ದೂರದ ಊರಿನಲ್ಲಿ ವಕೀಲರನ್ನು ಇಡುವ ಖರ್ಚನ್ನು ಲೆಕ್ಕ ಹಾಕಿ ನೋಡಬೇಕು. ಇಡೀ ಖಾತೆ ನಿಂತೇ ಇದ್ದರೆ, ತಮ್ಮ ಬ್ಯಾಂಕ್ ಶಾಖೆ ಇಲ್ಲಿಯೇ ಇರುವುದರಿಂದ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಅರ್ಜಿ ಸಲ್ಲಿಸುವ ಬಗ್ಗೆ ವಕೀಲರನ್ನು ಕೇಳಿ. ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳು ಧಾರವಾಡ ಪೀಠಕ್ಕೆ ಸೇರುತ್ತವೆ, ವಿಜಯಪುರ ಕಲಬುರಗಿ ಪೀಠಕ್ಕೆ. ಬ್ಯಾಂಕುಗಳ ವಿರುದ್ಧದ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಪೊಲೀಸರ ಸೂಚನೆಯನ್ನು ರದ್ದು ಮಾಡಲಾರರು. ತಮ್ಮ ಅರ್ಜಿಗೆ ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಸೂಚನೆಗಿಂತ ಹೆಚ್ಚು ಮೊತ್ತವನ್ನು ತಡೆದಿದ್ದರೆ ಮಾತ್ರ ಅಲ್ಲಿಗೆ ಹೋಗುವುದು ಸರಿ. ಮೂರು ದಿನದೊಳಗೆ ತಿಳಿಸಿದರೆ ಬ್ಯಾಂಕು ಹಣ ತುಂಬಿಕೊಡಬೇಕೆಂದು ಯಾರಾದರೂ ತಮಗೆ ಹೇಳಿದ್ದರೆ, ಆ 2017ರ ನಿಯಮ ಅನಧಿಕೃತ ವಹಿವಾಟಿನಲ್ಲಿ ಹಣ ಕಳೆದುಕೊಂಡ ಗ್ರಾಹಕರಿಗೆ ಸಂಬಂಧಿಸಿದ್ದು, ತಮಗೆ ಅನ್ವಯಿಸುವುದಿಲ್ಲ.

ನೇಕಾರರ ಕೂಲಿಗಾಗಿ ಮತ್ತೊಂದು ಬ್ಯಾಂಕಿನಲ್ಲಿ ಅಂಗಡಿಯ ಹೆಸರಿನಲ್ಲಿಯೇ ಖಾತೆ ತೆರೆಯುವುದರಲ್ಲಿ ತಪ್ಪಿಲ್ಲ, ಅದನ್ನು ತನಿಖಾಧಿಕಾರಿಗೆ ಬರೆಯುವ ಹೇಳಿಕೆಯಲ್ಲಿ ತಿಳಿಸಿಬಿಡಿ. ಹೆಂಡತಿಯ ಅಥವಾ ಕೆಲಸದವರ ಖಾತೆಗೆ ಗಿರಾಕಿಗಳಿಂದ ಹಣ ಹಾಕಿಸಿಕೊಳ್ಳುವುದು ಬೇಡ. ಅನುಕೂಲಕ್ಕೆ ಮಾಡಿದ್ದು ತನಿಖೆಯಿಂದ ತಪ್ಪಿಸಿಕೊಳ್ಳುವ ಪ್ರಯತ್ನದಂತೆ ಕಾಣುತ್ತದೆ, ಮತ್ತು ಇನ್ನೊಬ್ಬರ ಖಾತೆಯೂ ಸಿಕ್ಕಿಹಾಕಿಕೊಳ್ಳಬಹುದು.

ಕೊನೆಯದಾಗಿ ತಮ್ಮ ಅಕ್ಕನ ಮಗ. ಅವನು ಕೊಟ್ಟದ್ದು ಪಾಸ್‌ಬುಕ್ ಮಾತ್ರವಲ್ಲ. ಕಾರ್ಡು ಮತ್ತು ಸಿಮ್ ಜೊತೆಗೆ ಹೋಗಿರುವುದರಿಂದ, ಅವನ ಹೆಸರಿನಲ್ಲಿ ಬೇರೆಯವರು ಹಣ ಪಡೆದು ತೆಗೆಯುವ ಪೂರ್ಣ ಅಧಿಕಾರವನ್ನು ಕೊಟ್ಟಿದ್ದಾನೆ. ತಮಗೂ ಅವನಿಗೂ ವ್ಯತ್ಯಾಸ ಇಲ್ಲಿದೆ: ತಮ್ಮ ಖಾತೆಗೆ ಬಂದ ಹಣಕ್ಕೆ ಎದುರಾಗಿ ಮಾಲು ಹೋಗಿದೆ, ಅವನ ಖಾತೆಗೆ ಬಂದ ಹಣಕ್ಕೆ ಎದುರಾಗಿ ಏನೂ ಇಲ್ಲ, ಮತ್ತು ಅವನು ಪ್ರತಿಫಲ ಪಡೆದಿದ್ದಾನೆ. ಇಂಥ ಖಾತೆದಾರರ ಮೇಲೆ ಭಾರತೀಯ ನ್ಯಾಯ ಸಂಹಿತೆಯ ವಂಚನೆಯ 318(4), ಕದ್ದ ಸ್ವತ್ತನ್ನು ಪಡೆದ 317, ಒಳಸಂಚಿನ 61ನೇ ಕಲಮುಗಳನ್ನೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿಯನ್ನೂ ಹಾಕಬಹುದು, ಮತ್ತು ಸಂಘಟಿತ ಅಪರಾಧದ 111ನೇ ಕಲಮು ಸೈಬರ್ ಅಪರಾಧವನ್ನೂ ತನ್ನ ವ್ಯಾಖ್ಯೆಯಲ್ಲಿ ಹೆಸರಿಸಿದೆ. ತನಗೆ ಏನೂ ಗೊತ್ತಿರಲಿಲ್ಲವೆಂಬ ಮಾತಿಗೆ ಪ್ರತಿ ತಿಂಗಳ 5,000 ರೂಪಾಯಿ ಅಡ್ಡ ನಿಲ್ಲುತ್ತದೆ. ಹೀಗಿದ್ದರೂ, ಪೊಲೀಸರು ಮನೆಗೆ ಬರುವ ಮೊದಲು ತಾನಾಗಿ ಹೋಗಿ ಹೇಳುವ ಹುಡುಗನಿಗೂ, ಹೊರ ರಾಜ್ಯದಿಂದ ಬಂದು ಕರೆದೊಯ್ಯಬೇಕಾದ ಹುಡುಗನಿಗೂ ಕಾನೂನಿನ ಮುಂದೆ ಇರುವ ಸ್ಥಿತಿ ಒಂದೇ ಆಗಿರುವುದಿಲ್ಲ.

ಅವನು ಇಂದೇ ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ಕಾರ್ಡನ್ನು ಬ್ಲಾಕ್ ಮಾಡಿಸಬೇಕು, ನಾಳೆ ಶಾಖೆಗೆ ಹೋಗಿ ಖಾತೆಯಿಂದ ಹಣ ಹೊರಹೋಗದಂತೆ ತಡೆಯಲು ಬರೆದುಕೊಟ್ಟು, ಈವರೆಗಿನ ಸ್ಟೇಟ್‌ಮೆಂಟ್ ಪಡೆಯಬೇಕು. ಮೊಬೈಲ್ ಕಂಪನಿಯ ಅಂಗಡಿಯಲ್ಲಿ ಆ ಸಿಮ್ ನಿಲ್ಲಿಸಿ, ತನ್ನ ಹೆಸರಿನಲ್ಲಿ ಬೇರೆ ಸಿಮ್‌ಗಳು ಇವೆಯೇ ಎಂದು ಸಂಚಾರ್ ಸಾಥಿಯಲ್ಲಿ ನೋಡಬೇಕು. ಖಾತೆಯಲ್ಲಿ ಹಣ ಉಳಿದಿದ್ದರೆ ಅದರಲ್ಲಿ ಒಂದು ರೂಪಾಯಿಯನ್ನೂ ಮುಟ್ಟಬಾರದು. ಗೆಳೆಯನೊಡನೆ ಜಗಳವಾಡಿ ಅವನನ್ನು ಎಚ್ಚರಿಸುವುದೂ ಬೇಡ, ಚಾಟ್ ಅಳಿಸುವುದೂ ಬೇಡ, ಸಾಕ್ಷ್ಯ ನಾಶ ನ್ಯಾಯ ಸಂಹಿತೆಯ 238ನೇ ಕಲಮಿನಡಿ ಬೇರೆಯೇ ಅಪರಾಧವಾಗುತ್ತದೆ. ಆಮೇಲೆ ವಕೀಲರೊಬ್ಬರನ್ನು ಕರೆದುಕೊಂಡು, ತಂದೆ ಅಥವಾ ತಾವು ಜೊತೆಗಿದ್ದು, ವಿಜಯಪುರದ ಸಿಇಎನ್ ಠಾಣೆಯಲ್ಲಿ ಲಿಖಿತ ಹೇಳಿಕೆ ಕೊಡಿಸಿ. ಅದರಲ್ಲಿ ಕಾರ್ಡು ಮತ್ತು ಸಿಮ್ ಯಾರ ಕೈಗೆ, ಎಲ್ಲಿ, ಯಾವ ದಿನ ಕೊಟ್ಟ, ತಿಂಗಳ ಹಣ ಯಾವ ನಂಬರಿನಿಂದ ಬಂತು, ಅದೇ ಗೆಳೆಯ ಕಾಲೇಜಿನಲ್ಲಿ ಇನ್ನು ಯಾರ ಯಾರ ಖಾತೆ ಕೇಳಿದ್ದಾನೆ ಎಂಬ ವಿವರಗಳಿರಲಿ. ತಮ್ಮ ಇಳಕಲ್ ಪ್ರಕರಣವನ್ನು ಅದರಲ್ಲಿ ಬೆರೆಸದೆ, ಎರಡಕ್ಕೂ ಪ್ರತ್ಯೇಕ ಕಡತ ಇಟ್ಟುಕೊಳ್ಳಿ.